ಶೋಕವೂ ಕೋಶವೂ: ಕಿಟ್ಟೆಲರ ಕನ್ನಡ ನಿಘಂಟಿನ ವಿಷಯವಾಗಿ ಕೆಲವು ವಿಚಾರಗಳು

೧

ಕನ್ನಡ ನುಡಿಗೆ ಸೇವೆ ಸಲ್ಲಿಸಿದ ಪಾಶ್ಚಾತ್ಯ ವಿದ್ವಾಂಸರ ಪ್ರಸ್ತಾಪ ಬಂದಾಗಲೆಲ್ಲ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರ ಹೆಸರು ಮೊದಲು ಬರುತ್ತದೆ. ೧೮೯೪ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಪ್ರಕಟಿಸಿದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಸಾವಿರದ ಏಳುನೂರು ಪುಟಗಳನ್ನು ಮೀರಿದ, ಸುಮಾರು ೭೦,೦೦೦ ಶಬ್ದಗಳನ್ನೊಳಗೊಂಡ ಮಹಾಗ್ರಂಥ. ಅದಕ್ಕೆ ಗೌರವ ಸಲ್ಲುವುದು ನ್ಯಾಯವೇ. ಆದರೆ ಗ್ರಂಥಕ್ಕೆ ಸಲ್ಲುವ ಗೌರವವು ಎರಡು ಬಗೆಯದು. ತೆರೆದು ಓದಿ, ತೂಗಿ ನೋಡಿ, ಒಪ್ಪತಕ್ಕುದನ್ನು ಒಪ್ಪಿ ಬಿಡತಕ್ಕುದನ್ನು ಬಿಡುವುದು ಒಂದು. ತೆರೆಯದೆಯೇ ಕೈಮುಗಿಯುವುದು ಇನ್ನೊಂದು. ಕಿಟ್ಟೆಲರ ನಿಘಂಟಿಗೆ ಈಗ ಎರಡನೆಯ ಬಗೆಯ ಗೌರವವೇ ಹೆಚ್ಚಾಗಿ ಸಲ್ಲುತ್ತಿರುವಂತೆ ಕಾಣುತ್ತದೆ.

ಇದಕ್ಕೆ ಕಾರಣ ಅವರ ಜೀವನಚರಿತ್ರೆಯೇ ಆಗಿದೆ. ಪರದೇಶದಿಂದ ಬಂದವರು, ಕ್ರೈಸ್ತಮತ ಪ್ರಚಾರಕರು, ಈ ನಾಡಿನಲ್ಲಿ ಸಂಸಾರ ಹೂಡಿ ಪತ್ನಿಯನ್ನು ಕಳೆದುಕೊಂಡವರು, ಆದರೂ ಕೈಹಿಡಿದ ಕಾರ್ಯವನ್ನು ಬಿಡದವರು ಎಂಬ ವೃತ್ತಾಂತ ಕೇಳುವವರ ಮನಸ್ಸನ್ನು ಕರಗಿಸುತ್ತದೆ. ಪಾಠ ಹೇಳುವವರಿಗೂ ಅದು ಸುಲಭವಾದ ಸಾಮಗ್ರಿ. ದುಃಖವನ್ನು ಮರೆಯುವುದಕ್ಕಾಗಿಯೇ ಅವರು ಶಬ್ದಗಳ ಸಂಗಡ ಬಾಳಿದರು ಎಂಬ ಒಂದು ಮಾತನ್ನು ಸೇರಿಸಿಬಿಟ್ಟರೆ ಕಥೆ ಪೂರ್ಣವಾಗುತ್ತದೆ. ನಿಘಂಟಿನ ಪುಟ ಮಾತ್ರ ಮುಚ್ಚಿಯೇ ಉಳಿಯುತ್ತದೆ.

ಕ್ರೌಂಚಪಕ್ಷಿಯ ಮರಣವನ್ನು ಕಂಡ ವಾಲ್ಮೀಕಿಯ ಶೋಕವು ಶ್ಲೋಕವಾಯಿತೆಂಬುದು ಸಂಸ್ಕೃತ ಸಾಹಿತ್ಯದ ಮೊದಲ ಪಾಠ. ಆನಂದವರ್ಧನಾಚಾರ್ಯನು ಅದನ್ನು ಧ್ವನಿಸಿದ್ಧಾಂತಕ್ಕೆ ನಿದರ್ಶನವಾಗಿ ಎತ್ತಿಕೊಂಡನು. ‘ಶೋಕ’ ಎಂಬುದರ ವ್ಯಂಜನಗಳನ್ನು ಹಿಂದುಮುಂದಾಗಿಸಿದರೆ ‘ಕೋಶ’ ಆಗುತ್ತದೆ. ಆದರೆ ಇದು ಅಕ್ಷರಗಳ ಆಟವೇ ಹೊರತು ಕಾರ್ಯಕಾರಣಭಾವವಲ್ಲ. ಶೋಕದಿಂದ ಶ್ಲೋಕ ಹುಟ್ಟಬಹುದು. ಶೋಕದಿಂದ ಕೋಶ ಹುಟ್ಟಲಾರದು. ಈ ಭೇದವನ್ನು ಸ್ಪಷ್ಟಪಡಿಸಿ, ನಿಘಂಟನ್ನು ನಿಘಂಟಿನ ಗುಣದೋಷಗಳಿಂದಲೇ ತೂಗುವುದು ಈ ಲೇಖನದ ಉದ್ದೇಶ.

ತೂಗುವುದಕ್ಕೆ ಒಂದು ಒರೆಗಲ್ಲು ಬೇಕು. ಶಿವಮೊಗ್ಗೆ ಮತ್ತು ಭದ್ರಾವತಿ ಎಂಬ ಎರಡು ಊರುಗಳನ್ನೂ ಅವುಗಳ ಸೀಮೆಯನ್ನೂ ಇಲ್ಲಿ ಒರೆಗಲ್ಲಾಗಿ ಆರಿಸಿಕೊಂಡಿದೆ. ಕಿಟ್ಟೆಲರು ಮುಖ್ಯವಾಗಿ ವಾಸಿಸಿದುದು ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ. ಶಿವಮೊಗ್ಗೆಯ ಕಡೆಗೆ ಕ್ರೈಸ್ತ ಪ್ರಚಾರಕಾರ್ಯ ನಡೆಸಿದವರು ವೆಸ್ಲಿಯನ್ ಮಿಷನ್ನಿನವರು. ಆದುದರಿಂದ ಕಿಟ್ಟೆಲರಿಗೆ ನೆರೆಯದಾಗಿದ್ದೂ ಮನೆಯದಾಗದಿದ್ದ ಸೀಮೆ ಇದು. ಇದರ ಬಡಗಣ ಸೆರಗಿಗೆ ಧಾರವಾಡದ ನುಡಿ ತಾಗುತ್ತದೆ, ಪಡುವಣ ಸೆರಗಿಗೆ ಕರಾವಳಿಯ ನುಡಿ, ಮೂಡಲಿಗೆ ಬಯಲುಸೀಮೆಯ ನುಡಿ. ಇಂತಹ ನಡುನಾಡಿನ ಶಬ್ದಗಳಿಗೆ ಕೋಶವು ಎಷ್ಟು ಒದಗುತ್ತದೆ, ಎಲ್ಲಿ ಒದಗುವುದಿಲ್ಲ ಎಂಬುದನ್ನು ನೋಡಿದರೆ ಅದರ ಸತ್ತ್ವವೂ ಸೀಮೆಯೂ ತಿಳಿಯುತ್ತವೆ.

೨

ಮೊದಲು ಜೀವನದ ಸಂಗತಿಗಳು. ಕಿಟ್ಟೆಲರು ಜನಿಸಿದುದು ೧೮೩೨ರಲ್ಲಿ, ಜರ್ಮನಿಯ ಉತ್ತರತೀರದ ಪೂರ್ವ ಫ್ರೀಸಿಯಾ ಎಂಬ ಪ್ರಾಂತದಲ್ಲಿ, ಪಾದ್ರಿಯ ಮನೆಯಲ್ಲಿ. ಅದೇ ೧೮೩೨ರಲ್ಲಿ ವಿಲಿಯಂ ರೀವ್ ಎಂಬವರ ಕರ್ಣಾಟಕ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾದುದು ಒಂದು ಕಾಕತಾಳೀಯ. ೧೮೫೦ರಲ್ಲಿ ಬಾಸೆಲ್ ನಗರದ ಮಿಷನ್ ವಿದ್ಯಾಲಯವನ್ನು ಸೇರಿ, ೧೮೫೩ರಲ್ಲಿ ಅವರು ಭಾರತಕ್ಕೆ ಬಂದರು. ಕಾಲುನಡಿಗೆಯಿಂದ ಹಳ್ಳಿಗಳನ್ನು ಸುತ್ತುವುದು, ಜನರ ಮಾತನ್ನು ಜನರಿಂದಲೇ ಕಲಿಯುವುದು ಅವರ ಕ್ರಮವಾಗಿದ್ದಿತು. ಭಾರತೀಯರ ನಡುವೆ ಭಾರತೀಯನಂತೆ ಬಾಳಬೇಕೆಂಬ ಈ ಹಂಬಲವು ಮಿಷನ್ನಿನ ಹಿರಿಯರಿಗೆ ರುಚಿಸಲಿಲ್ಲ.

೧೮೬೦ರಲ್ಲಿ ಅವರಿಗೆ ಪೌಲೀನೆ ಐಟ್ ಎಂಬಾಕೆಯೊಡನೆ ವಿವಾಹವಾಯಿತು. ಈ ದಾಂಪತ್ಯವು ನಾಲ್ಕೇ ವರ್ಷದ್ದು. ೧೮೬೪ರಲ್ಲಿ ಆಕೆ ತೀರಿಕೊಂಡಳು. ೧೮೬೭ರಲ್ಲಿ ಕಿಟ್ಟೆಲರು ಆಕೆಯ ತಂಗಿ ಜೂಲಿಯನ್ನು ವಿವಾಹವಾದರು. ಬಾಸೆಲ್ ಮಿಷನ್ನಿನ ಪ್ರಚಾರಕರ ಗೃಹಸ್ಥಜೀವನವು ಸ್ವತಂತ್ರವಾದುದಾಗಿರಲಿಲ್ಲ. ವಿವಾಹಕ್ಕೆ ಆಡಳಿತಮಂಡಲಿಯ ಅನುಮತಿ ಬೇಕಾಗಿದ್ದಿತು. ಮಕ್ಕಳು ಶಾಲೆಯ ವಯಸ್ಸಿಗೆ ಬರುತ್ತಲೇ ಅವರನ್ನು ಯೂರೋಪಿಗೆ ಕಳುಹಿಸಿಕೊಡುವುದು ರೂಢಿಯಾಗಿದ್ದಿತು. ಅಂಥ ಮಕ್ಕಳಿಗಾಗಿಯೇ ಬಾಸೆಲಿನಲ್ಲಿ ಒಂದು ನಿಲಯವಿದ್ದಿತು. ಮರಣದಿಂದ ಆಗುವ ವಿಯೋಗ ಒಂದಾದರೆ ನಿಯಮದಿಂದ ಆಗುವ ವಿಯೋಗ ಇನ್ನೊಂದು. ಆ ಕಾಲದ ಪ್ರಚಾರಕರ ಮನೆಗಳಲ್ಲಿ ಎರಡೂ ಸಾಮಾನ್ಯವಾಗಿದ್ದುವು.

ಈಗ ಗ್ರಂಥಗಳ ಕಾಲವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಏಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸುಗಳಲ್ಲಿ ಹೇಳಿದ ‘ಕಥಾಮಾಲೆ’ ೧೮೬೨ರದು. ಪರದೇಶದ ಪ್ರಚಾರಕನೊಬ್ಬನು ಬಂದು ಒಂಬತ್ತು ವರ್ಷಗಳಲ್ಲಿ ಕನ್ನಡದ ಮಟ್ಟುಗಳಲ್ಲಿ ಪದ್ಯ ರಚಿಸಬಲ್ಲವನಾದನೆಂದರೆ, ಆತನ ಭಾಷಾವ್ಯಾಸಂಗ ಅಷ್ಟರಲ್ಲಿಯೇ ಬೇರೂರಿದ್ದಿತೆಂದು ಅರ್ಥ. ಪತ್ನೀವಿಯೋಗ ಅನಂತರದ್ದು. ಕೇಶಿರಾಜನ ಶಬ್ದಮಣಿದರ್ಪಣದ ಸಂಪಾದನೆ ೧೮೭೨ರಲ್ಲಿ, ನಾಗವರ್ಮನ ಛಂದೋಂಬುಧಿಯ ಸಂಪಾದನೆ ೧೮೭೫ರಲ್ಲಿ ಪ್ರಕಟವಾದುವು. ನಿಘಂಟಿನ ಕಾರ್ಯ ಆರಂಭವಾದುದು ಆ ದಶಕದಲ್ಲಿಯೇ. ಅದು ಮುಗಿಯುವುದಕ್ಕೆ ಎರಡು ದಶಕಗಳು ಹಿಡಿದುವು. ೧೮೯೬ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವು ೧೯೦೩ರಲ್ಲಿ ಹೊರಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ನಿಧನ ಹೊಂದಿದರು.

ಈ ಕಾಲಗಣನೆಯಿಂದ ಸಿದ್ಧವಾಗುವುದಿಷ್ಟು: ವ್ಯಾಸಂಗವು ಶೋಕಕ್ಕಿಂತ ಮುಂಚಿನದು, ನಿಘಂಟು ಶೋಕಕ್ಕಿಂತ ಬಹುಕಾಲ ಈಚಿನದು. ಶೋಕವು ಕಾರಣವೆನ್ನುವುದಕ್ಕೆ ಪೂರ್ವಾಪರಗಳೆರಡೂ ಒಪ್ಪುವುದಿಲ್ಲ. ತರ್ಕಶಾಸ್ತ್ರವನ್ನು ಓದಿದವರು ‘ಅನ್ಯಥಾಸಿದ್ಧ’ ಎಂಬ ಮಾತನ್ನು ಬಲ್ಲರು. ಮಡಕೆ ಮಾಡುವಾಗ ಕುಂಬಾರನ ಕತ್ತೆಯೂ ಅಲ್ಲಿ ನಿಂತಿರಬಹುದು, ಆದರೆ ಅದು ಮಡಕೆಗೆ ಕಾರಣವಲ್ಲ. ಕಿಟ್ಟೆಲರ ದುಃಖವನ್ನು ಕಡೆಗಾಣಿಸಲು ಈ ದೃಷ್ಟಾಂತವನ್ನು ಹೇಳಿದುದಲ್ಲ. ದುಃಖವು ಸತ್ಯವಾದುದು, ಗೌರವಾರ್ಹವಾದುದು. ಅದನ್ನು ಗ್ರಂಥದ ಶ್ರೇಷ್ಠತೆಗೆ ಪ್ರಮಾಣವಾಗಿ ನಿಲ್ಲಿಸಿದರೆ ದುಃಖಕ್ಕೂ ಅಪಚಾರ, ಗ್ರಂಥಕ್ಕೂ ಅಪಚಾರ.

೩

ಹಾಗಾದರೆ ಗೃಹಸ್ಥಜೀವನಕ್ಕೂ ಭಾಷಾವ್ಯಾಸಂಗಕ್ಕೂ ಸಂಬಂಧವೇ ಇಲ್ಲವೆ? ಇದೆ, ಆದರೆ ಅದು ಕಾರಣಕಾರ್ಯಗಳ ಸಂಬಂಧವಲ್ಲ, ಅಳತೆಯ ಸಂಬಂಧ. ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು.

‘ಚಿಕ್ಕಮ್ಮ’ ಎಂಬ ಮಾತಿಗೆ ಕನ್ನಡದ ಮನೆಗಳಲ್ಲಿ ತಾಯಿಯ ತಂಗಿ ಎಂದೂ ಅರ್ಥ, ತಂದೆಯ ಎರಡನೆಯ ಹೆಂಡತಿ ಎಂದೂ ಅರ್ಥ. ಶಿವಮೊಗ್ಗೆಯ ಮನೆಯೊಂದರಲ್ಲಿ ಮಗುವೊಂದು ಈ ಮಾತನ್ನು ಕರೆದಾಗ ಹೊರಗಿನವನಿಗೆ ಯಾವ ಸಂಬಂಧವೆಂಬುದು ತಟ್ಟನೆ ತಿಳಿಯದು. ಜರ್ಮನಿಯ ಭಾಷೆಯಲ್ಲಿ ಇವೆರಡಕ್ಕೂ ಬೇರೆಬೇರೆ ಶಬ್ದಗಳುಂಟು, ಇಂಗ್ಲಿಷಿನಲ್ಲಿಯೂ ಹಾಗೆಯೇ. ಪೌಲೀನೆಯ ಮಕ್ಕಳಿಗೆ ಜೂಲಿ ಏನಾಗಿದ್ದಳೋ ಅದನ್ನು ಹೇಳಲು ಜರ್ಮನ್ ಭಾಷೆಗೆ ಎರಡು ಶಬ್ದ ಬೇಕು; ಕನ್ನಡಕ್ಕೆ ಒಂದೇ ಸಾಕು. ಆ ಮನೆಯಲ್ಲಿ ಈ ಕನ್ನಡ ಶಬ್ದವನ್ನು ಆಡಿದರೆಂದಾಗಲಿ, ಕೋಶಕಾರರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರೆಂದಾಗಲಿ ಊಹಿಸತಕ್ಕುದಲ್ಲ. ಹೇಳಬಹುದಾದುದು ಇಷ್ಟೇ: ಒಂದು ಭಾಷೆಯ ಬಂಧುವಾಚಕಗಳ ಹಿಂದೆ ಆ ಜನರ ಸಂಸಾರದ ಏರ್ಪಾಟೇ ಅಡಗಿರುತ್ತದೆ. ತಾಯಿ ಸತ್ತ ಮಕ್ಕಳನ್ನು ತಾಯಿಯ ತಂಗಿಯ ಮಡಿಲಿಗೆ ಹಾಕುವುದು ಕನ್ನಡನಾಡಿನಲ್ಲಿ ಎಂದಿನಿಂದಲೂ ನಡೆದುಬಂದಿರುವುದರಿಂದಲೇ ಎರಡು ಸಂಬಂಧಗಳಿಗೆ ಒಂದೇ ಶಬ್ದ ಒಪ್ಪಿತವಾಗಿದೆ. ಇಂಥ ಶಬ್ದದ ಅರ್ಥವನ್ನು ಪರಭಾಷೆಯಲ್ಲಿ ಬರೆಯುವವನಿಗೆ ಪರ್ಯಾಯಪದ ಸಾಲದು, ವಿವರಣೆ ಬೇಕಾಗುತ್ತದೆ.

ಇಲ್ಲಿಯೇ ಪರದೇಶೀಯ ಕೋಶಕಾರನ ಒಂದು ಅನುಕೂಲವೂ ಇದೆ. ತಾಯಿಯ ಮಡಿಲಲ್ಲಿ ಕಲಿತವನಿಗೆ ಮನೆಮಾತು ಗಾಳಿಯಂತೆ. ಇದೆಯೆಂಬ ಅರಿವೇ ಇರುವುದಿಲ್ಲ. ನಮ್ಮ ಪ್ರಾಚೀನ ಕೋಶಕಾರರು ಕವಿಗಳಿಗಾಗಿ ಬರೆದರು. ಕಾವ್ಯದಲ್ಲಿ ಬರುವ ಕಠಿನಪದಗಳಿಗೆ ಅರ್ಥ ಹೇಳಿದರು. ನಾಗವರ್ಮನ ಅಭಿಧಾನವಸ್ತುಕೋಶವಾಗಲಿ ಅದೇ ಜಾತಿಯ ಇತರ ಪದ್ಯಕೋಶಗಳಾಗಲಿ ಒಲೆಯ ಮುಂದಿನ ಮಾತನ್ನು, ತೊಟ್ಟಿಲ ಪಕ್ಕದ ಮಾತನ್ನು ಎತ್ತಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಅವು ಎಲ್ಲರಿಗೂ ಗೊತ್ತಿದ್ದುವಲ್ಲವೆ? ಬೆಳೆದ ಮೇಲೆ ಒಂದೊಂದು ಶಬ್ದವನ್ನೂ ಕೇಳಿ ಕಲಿಯಬೇಕಾಗಿದ್ದ ಕಿಟ್ಟೆಲರಿಗೆ ‘ಎಲ್ಲರಿಗೂ ಗೊತ್ತಿರುವ ಶಬ್ದ’ ಎಂಬುದೇ ಇರಲಿಲ್ಲ. ಆದುದರಿಂದ ಕೇಶಿರಾಜನ ಸೂತ್ರದಲ್ಲಿ ಬರುವ ಶಬ್ದಕ್ಕೆ ಎಷ್ಟು ಸ್ಥಾನವೋ ಸಂತೆಯ ಶಬ್ದಕ್ಕೂ ಅಷ್ಟೇ ಸ್ಥಾನವಾಯಿತು. ಮುದುಕಿಯರ ಗಾದೆಗಳೂ ಪ್ರಯೋಗವೆಂಬ ಮಾನ್ಯತೆಯನ್ನು ಪಡೆದು ಒಳಗೆ ಬಂದುವು. ಇದು ಈ ಕೋಶದ ನಿಜವಾದ ಹಿರಿಮೆ.

ದುಃಖವಾಚಕಗಳನ್ನೇ ನೋಡಬಹುದು. ಅಳಲು, ಮರುಕ, ಕೊರಗು, ಉಮ್ಮಳ, ಬೇಗುದಿ ಇವೆಲ್ಲವನ್ನೂ ಶೋಕವೆಂಬ ಒಂದೇ ಸಂಸ್ಕೃತ ಪದದಿಂದ ಹೇಳಿ ಮುಗಿಸಬಹುದು, ಹೇಳಿದವರೂ ಉಂಟು. ಆದರೆ ಕೊರಗಿನಲ್ಲಿ ದೇಹ ಸವೆಯುತ್ತದೆ, ಅಳಲಿನಲ್ಲಿ ಒಡಲು ಬೇಯುತ್ತದೆ, ಮರುಕವು ಪರರ ನೋವನ್ನು ಕಂಡಾಗ ಹುಟ್ಟುತ್ತದೆ, ಬೇಗುದಿ ಹೊರಗೆ ಬಾರದೆ ಒಳಗೇ ಕುದಿಯುತ್ತದೆ. ಕವಿಯು ಇವುಗಳಲ್ಲಿ ತನ್ನ ರಸಕ್ಕೆ ಒಪ್ಪುವ ಒಂದನ್ನು ಆರಿಸಿಕೊಂಡು ಉಳಿದುವನ್ನು ಬಿಡುತ್ತಾನೆ. ಕೋಶಕಾರನಿಗೆ ಬಿಡುವ ಅಧಿಕಾರವಿಲ್ಲ. ಅವನಿಗೆ ಅಳಲೂ ಒಂದೇ, ಅಡಕೆಯೂ ಒಂದೇ. ಅಕಾರಾದಿಕ್ರಮದಲ್ಲಿ ಪಾಳಿ ಬಂದಾಗ ಎರಡಕ್ಕೂ ಸಮನಾದ ಪರಿಶ್ರಮ. ಕಾವ್ಯವು ಶೋಕವನ್ನು ರಸವಾಗಿಸುತ್ತದೆ, ಕೋಶವು ಶೋಕವನ್ನು ಪಕ್ಕಕ್ಕಿಡುತ್ತದೆ. ದುಃಖವನ್ನು ಕಂಡಿದ್ದವರೊಬ್ಬರು ಇಂಥ ಸಮದೃಷ್ಟಿಯನ್ನು ಎರಡು ದಶಕಗಳ ಕಾಲ ನಡೆಸಿಕೊಂಡು ಬಂದರೆಂಬುದು ಸ್ತುತ್ಯರ್ಹ. ಸ್ತುತಿಯ ಕಾರಣ ದುಃಖವಲ್ಲ, ಸಮದೃಷ್ಟಿ.

೪

ಇನ್ನು ಒರೆಗಲ್ಲಿಗೆ ಬರೋಣ. ಶಿವಮೊಗ್ಗೆ ಎಂಬ ಹೆಸರೇ ಕೋಶವನ್ನು ತೆರೆಯುವಂತೆ ಮಾಡುತ್ತದೆ. ‘ಶಿವಮುಖ’ವೇ ಶಿವಮೊಗವಾಗಿ ಶಿವಮೊಗ್ಗೆಯಾಯಿತೆಂದು ಒಂದು ಪಕ್ಷ. ದೂರ್ವಾಸಮುನಿಯ ಆಶ್ರಮದಲ್ಲಿ ಸಿಹಿಯಾದ ಮೂಲಿಕೆಗಳು ಕುದಿಯುತ್ತಿದ್ದ ಮಡಕೆಯಿಂದ ‘ಸಿಹಿಮೊಗೆ’ ಎಂಬ ಹೆಸರು ಬಂದಿತೆಂದು ಇನ್ನೊಂದು ಪಕ್ಷ. ನಿಘಂಟನ್ನು ಮುಂದಿಟ್ಟುಕೊಂಡರೆ ನಾಲ್ಕು ಶಬ್ದಗಳನ್ನು ಬೇರ್ಪಡಿಸಿಕೊಳ್ಳಬೇಕಾಗುತ್ತದೆ: ಮುಖವಾಚಕವಾದ ‘ಮೊಗ’, ಸಣ್ಣ ಮಡಕೆಯೆಂಬರ್ಥದ ‘ಮೊಗೆ’, ನೀರನ್ನು ತುಂಬಿ ತೆಗೆ ಎಂಬರ್ಥದ ‘ಮೊಗೆ’ ಧಾತು, ಹೂವಿನ ಅರಳದ ರೂಪವಾದ ‘ಮೊಗ್ಗೆ’. ಮೊಗೆಯುವ ಕ್ರಿಯೆಗೂ ಮೊಗೆಯೆಂಬ ಪಾತ್ರೆಗೂ ನಂಟು ಸ್ಪಷ್ಟ. ಮೊಗ್ಗೆಯಲ್ಲಿರುವ ಗಕಾರದ ದ್ವಿತ್ವವನ್ನು ಮೊಗದಿಂದ ಸಾಧಿಸುವುದು ಸುಲಭವಲ್ಲ. ಊರಿನ ಹೆಸರಿನ ಪ್ರಶ್ನೆಯನ್ನು ಕೋಶವೊಂದೇ ತೀರ್ಮಾನಿಸಲಾರದು, ಶಾಸನರೂಪಗಳು ಬೇಕು. ಆದರೆ ಅವಸರದ ತೀರ್ಮಾನವನ್ನು ತಡೆಯುವ ಶಕ್ತಿ ಕೋಶಕ್ಕೆ ಇದೆ.

ಈ ‘ಮೊಗ’ ಶಬ್ದವೇ ಇನ್ನೊಂದು ದೊಡ್ಡ ವಿಚಾರಕ್ಕೆ ಬಾಗಿಲು. ಸಂಪ್ರದಾಯದ ವೈಯಾಕರಣರು ಮೊಗವನ್ನು ಮುಖದ ತದ್ಭವವೆನ್ನುವರು. ಬರೋ ಮೊದಲಾದ ಈಚಿನ ವಿದ್ವಾಂಸರು ಮುಖವೇ ದ್ರಾವಿಡದಿಂದ ಸಂಸ್ಕೃತಕ್ಕೆ ಹೋಯಿತೆಂದು ವಾದಿಸಿದ್ದಾರೆ. ಸಂಸ್ಕೃತಕ್ಕೆ ದ್ರಾವಿಡದಿಂದ ಬಂದ ಶಬ್ದಗಳುಂಟೆಂಬ ಪಕ್ಷವನ್ನು ಮಲೆಯಾಳ ನಿಘಂಟಿನ ಕರ್ತೃವಾದ ಗುಂಡರ್ಟರೂ ಕಿಟ್ಟೆಲರೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಎತ್ತಿದರು. ಕಿಟ್ಟೆಲರು ೧೮೭೨ರಲ್ಲಿ ಇದನ್ನು ಕುರಿತು ಲೇಖನ ಬರೆದು, ನಿಘಂಟಿನ ಪೀಠಿಕೆಯಲ್ಲಿ ಅಂಥ ಶಬ್ದಗಳ ಉದ್ದವಾದ ಪಟ್ಟಿಯನ್ನೇ ಕೊಟ್ಟರು. ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರಿಗೆ ಈ ಮಾತು ಮೊದಲು ಕಹಿಯಾಗಿ ತೋರುವುದು ಸಹಜ. ಆದರೆ ನೀರ, ಮೀನ ಮೊದಲಾದವುಗಳ ವಿಷಯದಲ್ಲಿ ಸಾಕ್ಷ್ಯವನ್ನು ನೋಡಿದ ಮೇಲೆ ತತ್ತ್ವವನ್ನು ಒಪ್ಪದೆ ವಿಧಿಯಿಲ್ಲ. ದೇಶ್ಯವೆಂಬ ವರ್ಗವನ್ನು ಕೇಶಿರಾಜನೇ ಮನ್ನಿಸಿದ್ದನು. ಎಲ್ಲವೂ ಸಂಸ್ಕೃತದಿಂದಲೇ ಬಂದಿತೆಂಬುದು ಆತನ ಮತವಾಗಿರಲಿಲ್ಲ. ತತ್ತ್ವವನ್ನು ಒಪ್ಪಿದ ಮಾತ್ರಕ್ಕೆ ಪಟ್ಟಿಯ ಪ್ರತಿಯೊಂದು ಶಬ್ದವನ್ನೂ ಒಪ್ಪಬೇಕಾಗಿಲ್ಲ. ಧ್ವನಿಸಾಮ್ಯ ಒಂದನ್ನೇ ನೆಚ್ಚಿ ಸೇರಿಸಿದ ಶಬ್ದಗಳೂ ಅದರಲ್ಲಿವೆ. ಒಂದೊಂದಾಗಿ ಪರೀಕ್ಷಿಸುವುದೇ ದಾರಿ.

ಭದ್ರಾವತಿಗೆ ಬಂದರೆ ಕೋಶದ ಇನ್ನೊಂದು ಬಲ ಕಾಣುತ್ತದೆ. ಈ ಊರಿನ ಹಳೆಯ ಹೆಸರು ಬೆಂಕಿಪುರ. ವಂಕಿಪುರವೆಂಬ ರೂಪವೂ ಇದ್ದಿತು. ೧೯೨೩ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಇಲ್ಲಿ ಉತ್ಪಾದನೆಯನ್ನಾರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡುಗಳ ಇದ್ದಲಿನಿಂದ ಕರಗಿಸುವುದು ಮೊದಲಿನ ಏರ್ಪಾಟು. ೧೯೩೬ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಇಂಥ ಊರಿನ ವಿದ್ಯಾರ್ಥಿಗೆ ‘ಕಬ್ಬಿಣ’ ಎಂಬ ಶಬ್ದಕ್ಕಿಂತ ಪರಿಚಿತವಾದುದು ಯಾವುದು? ಆದರೂ ಅದರ ಹುಟ್ಟನ್ನು ಬಲ್ಲವರು ವಿರಳ. ಹಳಗನ್ನಡದಲ್ಲಿ ಅದು ‘ಕರ್ಬುನ’. ತಮಿಳಿನಲ್ಲಿ ‘ಕರುಂಪೊನ್’, ತುಳುವಿನಲ್ಲಿ ‘ಕರ್ಬ’. ಕರಿದು ಎಂಬುದೂ ಪೊನ್ ಎಂಬುದೂ ಕೂಡಿ ಆದ ಸಮಾಸವಿದು. ಪೊನ್ನಿಗೆ ಲೋಹವೆಂಬ ಸಾಮಾನ್ಯಾರ್ಥವಿದ್ದ ಕಾಲದ ನೆನಪು ಇದರಲ್ಲಿ ಉಳಿದಿದೆ. ಪಕಾರವು ಬಕಾರವಾಗಿ, ರೇಫವು ಮುಂದಿನ ವ್ಯಂಜನದಲ್ಲಿ ಅಡಗಿ, ಕರ್ಬುನವು ಕಬ್ಬಿಣವಾಯಿತು. ಅದೇ ನಿಯಮದಿಂದಲೇ ‘ಕರ್ಬು’ ಕಬ್ಬಾಯಿತು. ಭದ್ರೆಯ ಬಯಲಿನ ಕಬ್ಬಿಗೂ ಕಾರ್ಖಾನೆಯ ಕಬ್ಬಿಣಕ್ಕೂ ರೂಪದಲ್ಲಿ ಮಾತ್ರ ಸಾಮ್ಯ, ಮೂಲದಲ್ಲಿ ಭೇದ. ‘ಉಕ್ಕು’ ಹಿಂದೆ ‘ಉರ್ಕು’. ಕರಗಿಸಿದುದು ಎಂಬರ್ಥದ ತಮಿಳಿನ ‘ಉರುಕ್ಕು’ ಅದರ ಒಡಹುಟ್ಟು. ಕುಲುಮೆಗೆ ಕೊಲಿಮೆ, ಕುಲಿಮೆ ಎಂಬ ರೂಪಾಂತರಗಳುಂಟು. ಕಾರ್ಖಾನೆಯಲ್ಲಿ ‘ಫರ್ನೇಸು’ ಎನ್ನುವವರೂ ಪಾಠಪುಸ್ತಕದಲ್ಲಿ ‘ಊದುಕುಲುಮೆ’ ಎಂದು ಓದಿರುತ್ತಾರೆ. ಆ ಹೊಸ ಸಮಾಸದ ಉತ್ತರಪದ ಹಳ್ಳಿಯ ಕಮ್ಮಾರನ ಕೊಟ್ಟಿಗೆಯದು.

ಒಂದು ಶಬ್ದದ ನಾನಾ ರೂಪಗಳನ್ನು ಒಂದೆಡೆ ತರುವುದು, ತಮಿಳು ತೆಲುಗು ಮಲೆಯಾಳ ತುಳುಗಳ ಸಜಾತೀಯ ಶಬ್ದಗಳನ್ನು ಜೊತೆಗಿಡುವುದು, ಱೞಗಳ ಭೇದವನ್ನು ಕಾಪಾಡುವುದು, ದೇಶ್ಯವನ್ನೂ ಸಂಸ್ಕೃತವನ್ನೂ ಅಚ್ಚಿನ ಮೊಳೆಗಳ ದಪ್ಪತೆಳುವಿನಿಂದ ಕಣ್ಣಿಗೇ ತೋರಿಸುವುದು, ಇವು ಕಿಟ್ಟೆಲರ ಕ್ರಮ. ಶಿವಮೊಗ್ಗೆಯನ್ನು ಹಾಯ್ದ ತುಂಗೆಯೂ ಭದ್ರಾವತಿಯನ್ನು ಹಾಯ್ದ ಭದ್ರೆಯೂ ಕೂಡಲಿಯಲ್ಲಿ ಸೇರಿ ಒಂದೇ ಹೊಳೆಯಾಗುತ್ತವೆ; ಆಮೇಲೆ ಇದು ತುಂಗೆ, ಇದು ಭದ್ರೆ ಎಂದು ಯಾರೂ ವಿಂಗಡಿಸಲಾರರು. ಭಾಷೆಯಲ್ಲಿಯೂ ಆಡುವವರು ವಿಂಗಡಿಸುವುದಿಲ್ಲ. ವಿಂಗಡಿಸಿ ತೋರಿಸಬೇಕಾದವನು ಕೋಶಕಾರ. ೧೯೬೧ರಲ್ಲಿ ಬರೋ ಮತ್ತು ಎಮೆನೋ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿಕೋಶದಲ್ಲಿ ಕನ್ನಡದ ಭಾಗಕ್ಕೆ ಮುಖ್ಯ ಆಧಾರ ಕಿಟ್ಟೆಲರ ನಿಘಂಟೇ ಆಯಿತೆಂಬುದು ಈ ಕ್ರಮಕ್ಕೆ ಸಂದ ಅತಿದೊಡ್ಡ ಮನ್ನಣೆ.

೫

ಗುಣಗಳನ್ನು ಹೇಳಿದ ಮೇಲೆ ಸೀಮೆಗಳನ್ನೂ ಹೇಳಬೇಕು.

ಮೊದಲನೆಯದಾಗಿ, ಸಂಸ್ಕೃತ ಶಬ್ದಗಳ ಹೊರೆ. ಕನ್ನಡ ಕವಿಗಳಾಗಲಿ ಜನರಾಗಲಿ ಪ್ರಯೋಗಿಸಿದುದು ಕಾಣದ ಎಷ್ಟೋ ಸಂಸ್ಕೃತ ಪದಗಳು ಈ ಕೋಶದಲ್ಲಿ ಸ್ಥಾನ ಪಡೆದಿವೆ. ಸಂಸ್ಕೃತಕ್ಕೆ ಪ್ರತ್ಯೇಕ ಕೋಶಗಳಿರುವಾಗ ಕನ್ನಡದ ಕಣಜದಲ್ಲಿ ಅವುಗಳಿಗೆ ಜಾಗ ಕೊಟ್ಟುದು ಅನಾವಶ್ಯಕ.

ಎರಡನೆಯದಾಗಿ, ಕಾಲದ ಸೀಮೆ. ಇದು ದೋಷವಲ್ಲ, ದೈವ. ಶಿವಮೊಗ್ಗೆ ಜಿಲ್ಲೆಯ ಶಾಸನಗಳನ್ನು ರೈಸರು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಮತ್ತು ಎಂಟನೆಯ ಸಂಪುಟಗಳಲ್ಲಿ ಪ್ರಕಟಿಸಿದುದು ೧೯೦೨ ಮತ್ತು ೧೯೦೪ರಲ್ಲಿ. ನಿಘಂಟು ಅಷ್ಟರಲ್ಲಿ ಅಚ್ಚಾಗಿ ಎಂಟು ವರ್ಷ ಕಳೆದಿದ್ದಿತು. ಶಿಕಾರಿಪುರ ಸೊರಬಗಳ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ತುಱುಗೊಳ್, ಪೆಣ್ಬುಯ್ಯಲ್, ಊರಳಿವು ಎಂಬಂಥ ಮಾತುಗಳ ಪೂರ್ಣವಾದ ಪ್ರಯೋಗರಾಶಿ ಕೋಶಕಾರರ ಕೈಗೆ ಒದಗಲಿಲ್ಲ. ಕವಿರಾಜಮಾರ್ಗವು ಪಾಠಕರ ಸಂಪಾದನೆಯಲ್ಲಿ ಬೆಳಕು ಕಂಡುದು ೧೮೯೮ರಲ್ಲಿ. ವಚನಗಳನ್ನು ಹಳಕಟ್ಟಿಯವರು ಸಂಗ್ರಹಿಸಿ ‘ವಚನಶಾಸ್ತ್ರಸಾರ’ವನ್ನು ಹೊರತಂದುದು ೧೯೨೩ರಲ್ಲಿ. ಅಲ್ಲಮಪ್ರಭುವಿನ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ಸೀಮೆಯವು. ಈ ಜಿಲ್ಲೆಯ ಅತ್ಯುತ್ತಮ ಕನ್ನಡವೇ ಕೋಶದ ಕಾಲಕ್ಕೆ ಅಚ್ಚಾಗಿರಲಿಲ್ಲವೆನ್ನಬೇಕು. ತಾಳಗುಂದದಲ್ಲಿ ೨೦೧೩ರ ಉತ್ಖನನದಿಂದ ದೊರೆತು, ಹಲ್ಮಿಡಿಗಿಂತಲೂ ಹಳೆಯದೆಂದು ವಿದ್ವಾಂಸರು ಅಭಿಪ್ರಾಯಪಟ್ಟಿರುವ ಶಾಸನದ ಮಾತಂತೂ ಇರಲಿ.

ಮೂರನೆಯದಾಗಿ, ದೇಶದ ಸೀಮೆ. ಕಿಟ್ಟೆಲರು ಶಬ್ದಗಳಿಗೆ ಮೈಸೂರು ಸೀಮೆಯ ಬಳಕೆ, ದಕ್ಷಿಣ ಮರಾಠಾ ಸೀಮೆಯ ಬಳಕೆ ಎಂದು ಸಂಕೇತಾಕ್ಷರಗಳಿಂದ ಸೂಚಿಸಿದ್ದಾರೆ. ಕನ್ನಡಕೋಶದಲ್ಲಿ ಇಂಥ ಸೂಚನೆ ಅಮೂಲ್ಯವಾದುದು. ಆದರೆ ಚಾಮರಾಜನಗರದಿಂದ ಸೊರಬದವರೆಗೆ ಒಂದೇ ಸಂಕೇತವಾದರೆ ಮಲೆನಾಡಿಗೆ ಅದು ಸಾಲದು. ಅಡಕೆಯ ತೋಟವೊಂದನ್ನೇ ಹೊಕ್ಕರೆ ಕೊನೆ, ಹಾಳೆ, ಸೋಗೆ, ದಬ್ಬೆ, ಚೊಗರು, ಕೊನೆಗಾರ, ಸೊಪ್ಪಿನಬೆಟ್ಟ ಎಂದು ಶಬ್ದಗಳ ಸಾಲೇ ಇದೆ. ಶಿವಮೊಗ್ಗೆಯ ಮಂಡಿಯಲ್ಲಿ ಅಡಕೆಯ ತರಗಳಿಗೆ ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಹೆಸರು. ರಾಶಿಯೆಂದರೆ ಗುಡ್ಡೆ, ಸರಕೆಂದರೆ ವ್ಯಾಪಾರದ ವಸ್ತು ಎಂದಷ್ಟೇ ತಿಳಿದವನು ಆ ಮಂಡಿಯಲ್ಲಿ ವ್ಯವಹರಿಸಲಾರನು. ಸಾಮಾನ್ಯಾರ್ಥವು ವೃತ್ತಿಯಲ್ಲಿ ವಿಶೇಷಾರ್ಥವಾಗುವ ಈ ಪರಿಯನ್ನು ಸೀಮೆಯಲ್ಲಿ ನೆಲಸಿದವರೇ ಬರೆದಿಡಬೇಕು.

ನಾಲ್ಕನೆಯದಾಗಿ, ಅರ್ಥವಿವರಣೆ ಇಂಗ್ಲಿಷಿನಲ್ಲಿರುವುದು. ಪ್ರಚಾರಕರಿಗೂ ಭಾಷಾಂತರಕಾರರಿಗೂ ನೆರವಾಗಬೇಕೆಂಬ ಮೂಲೋದ್ದೇಶಕ್ಕೆ ಅದು ಒಪ್ಪುವಂತಹುದೇ. ಕನ್ನಡಕ್ಕೆ ಕನ್ನಡದಲ್ಲಿಯೇ ಅರ್ಥ ಹೇಳುವ ಕಾರ್ಯವನ್ನು ಕನ್ನಡ ಸಾಹಿತ್ಯ ಪರಿಷತ್ತು ಕೈಕೊಂಡು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ನೆರವೇರಿಸಿತು. ಕಿಟ್ಟೆಲರ ನಿಘಂಟನ್ನೂ ಮರಿಯಪ್ಪಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾನಿಲಯದ ಮೂಲಕ ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಹೀಗಿರುವಾಗ ಕಿಟ್ಟೆಲರನ್ನು ಕೊನೆಯ ಮಾತೆಂದು ಎಣಿಸುವುದು ಅವರ ಕ್ರಮಕ್ಕೇ ವಿರುದ್ಧ. ರೀವರ ಕೋಶವಿದ್ದಿತು, ಅದನ್ನು ೧೮೫೮ರಲ್ಲಿ ಸ್ಯಾಂಡರ್ಸನ್ನರು ಪರಿಷ್ಕರಿಸಿದ್ದರು. ಅಷ್ಟಕ್ಕೆ ಕಿಟ್ಟೆಲರು ತೃಪ್ತರಾಗಲಿಲ್ಲವಲ್ಲವೆ?

೬

ಕೋಶದ ವಿಮರ್ಶೆ ಕೋಶದಲ್ಲಿಯೇ ಮುಗಿಯಬಾರದು. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯ ಕೆಲಸ ನಿಂತಿತು. ಕಬ್ಬಿಣದ ಕಾರ್ಖಾನೆಯೂ ಹಿಂದಿನ ವೈಭವದಲ್ಲಿಲ್ಲ. ಕಾರ್ಖಾನೆಯ ಯಂತ್ರಗಳನ್ನು ಎಣಿಸಿ ಪಟ್ಟಿ ಮಾಡುವವರುಂಟು. ಎರಡು ಮೂರು ತಲೆಮಾರುಗಳ ಕೆಲಸಗಾರರು ತಮಿಳು, ತೆಲುಗು, ಉರ್ದು, ಇಂಗ್ಲಿಷುಗಳನ್ನು ಕನ್ನಡದಲ್ಲಿ ಕರಗಿಸಿ ಅಲ್ಲಿ ಎರಕ ಹೊಯ್ದ ನುಡಿಯನ್ನು ಪಟ್ಟಿ ಮಾಡುವವರು ಯಾರು? ಅಡಕೆಯ ತೋಟದಲ್ಲಿಯೂ ಹಳೆಯ ಕೆಲಸಗಳು ಮಾರ್ಪಟ್ಟು ಅವುಗಳ ಸಂಗಡ ಶಬ್ದಗಳೂ ಕಣ್ಮರೆಯಾಗುತ್ತಿವೆ. ಶಬ್ದವೊಂದು ಸತ್ತರೆ ಅದಕ್ಕಾಗಿ ಅಳುವವರಿಲ್ಲ. ಅದು ಸತ್ತಿತೆಂಬುದು ಸಹ ಯಾರಿಗೂ ತಿಳಿಯುವುದಿಲ್ಲ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿಯೂ ಶಿವಮೊಗ್ಗೆ ಭದ್ರಾವತಿಗಳ ಶಾಲೆಕಾಲೇಜುಗಳಲ್ಲಿಯೂ ಕನ್ನಡ ಪಾಠ ಹೇಳುವವರು ಒಂದೊಂದು ವೃತ್ತಿಯ, ಒಂದೊಂದು ಹೋಬಳಿಯ ಶಬ್ದಗಳನ್ನು ವಿದ್ಯಾರ್ಥಿಗಳಿಂದ ಸಂಗ್ರಹಿಸಬಹುದು. ಯಾವ ಊರಿನಲ್ಲಿ, ಯಾವ ಕೆಲಸದವರ ಬಾಯಲ್ಲಿ, ಯಾವ ವಾಕ್ಯದಲ್ಲಿ ಕೇಳಿದುದೆಂಬುದನ್ನು ಬರೆದಿಡಬೇಕು. ಅನಂತರ ಕಿಟ್ಟೆಲರ ನಿಘಂಟಿನೊಡನೆಯೂ ಪರಿಷತ್ತಿನ ನಿಘಂಟಿನೊಡನೆಯೂ ಹೋಲಿಸಬೇಕು. ಇದಕ್ಕೆ ದ್ರವ್ಯವೂ ಹೆಚ್ಚು ಬೇಡ, ಪ್ರತಿಭೆಯೂ ಹೆಚ್ಚು ಬೇಡ. ಕೇಳುವ ತಾಳ್ಮೆ ಸಾಕು.

ಕಿಟ್ಟೆಲರ ಮನೆಯಲ್ಲಿ ಶೋಕವಿದ್ದಿತು. ಅದು ಅವರದು, ಅದನ್ನು ಅವರಿಗೇ ಬಿಡುವುದು ಸೌಜನ್ಯ. ಕೋಶವು ಎಲ್ಲರದು. ಅದನ್ನು ತೆರೆದು, ಇರುವುದನ್ನು ಪರೀಕ್ಷಿಸಿ, ಇಲ್ಲದುದನ್ನು ಸೇರಿಸುವವರು ಅದರ ಕರ್ತೃವಿಗೆ ನಿಜವಾದ ಗೌರವವನ್ನು ಸಲ್ಲಿಸಿದವರಾಗುತ್ತಾರೆ.